ಕೈಗಳಿಲ್ಲದ ಹೆಂಗಸರು

ಮೊದಲ ನಾಲ್ಕು ವರ್ಷ ನಾನು ಬರೆದ ಹೆಂಗಸರಿಗೆ ಕೈಗಳಿರಲಿಲ್ಲ. ಇದ್ದವೆನ್ನಿ, ಆದರೆ ಒಂದು ಸೆರಗಿನೊಳಗೆ ಅಡಗಿರುತ್ತಿತ್ತು, ಇನ್ನೊಂದು ಬೆನ್ನ ಹಿಂದೆ. ಕಥೆಯ ನಾಯಕಿ ಪತ್ರ ಓದಬೇಕಾಗಿ ಬಂದರೆ ಪತ್ರವನ್ನು ಮೇಜಿನ ಮೇಲೆ ಹರವಿ ಅವಳನ್ನು ಬಗ್ಗಿಸಿ ನಿಲ್ಲಿಸುತ್ತಿದ್ದೆ. ಮುಖ ನನಗೆ ಸಲೀಸಾಗಿ ಬರುತ್ತಿತ್ತು, ಸೀರೆಯ ನಿರಿಗೆ ಇನ್ನೂ ಸಲೀಸು. ಐದು ಬೆರಳು ಬರೆಯಲು ಹೋದರೆ ಮಾತ್ರ ಬಾಳೆಹಣ್ಣಿನ ಚಿಪ್ಪು ಆಗಿಬಿಡುತ್ತಿತ್ತು.

ಪುಣೆಯ ಒಂದು ಮರಾಠಿ ಮಾಸಪತ್ರಿಕೆಗೆ ನಾನು ಕಥೆಗಳ ಚಿತ್ರ ಬರೆದುಕೊಡುತ್ತಿದ್ದೆ. ನಾವು ಧಾರವಾಡದ ಕಡೆಯವರು. ಯಜಮಾನರಿಗೆ ಮಿಲಿಟರಿ ಲೆಕ್ಕಪತ್ರದ ಕಚೇರಿಯಲ್ಲಿ ಗುಮಾಸ್ತಿಕೆ, ಮನೆಯೆಂದರೆ ಶನಿವಾರ ಪೇಟೆಯಲ್ಲಿ ಹಲವು ಸಂಸಾರಗಳಿದ್ದ ಒಂದು ವಾಡೆಯಲ್ಲಿ ಎರಡು ಕೋಣೆ. ಮಾವನವರು ಹೊಲ ನೋಡಿಕೊಂಡು ಊರಲ್ಲಿದ್ದರು, ಅತ್ತೆಯವರು ನಮ್ಮ ಜೊತೆಗಿದ್ದರು. ಸೊಸೆಯಾದವಳು ಮಸಿ ಕುಂಚ ಹಿಡಿದು ಕೂರುವುದು ವಾಡೆಯ ಮಂದಿಗೆ ತಮಾಷೆಯ ವಿಷಯ. ನಾನು ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ, ದೀಪಾವಳಿ ವಿಶೇಷಾಂಕದ ಮುಖಪುಟ. ಆ ಸಂಚಿಕೆ ಮನೆಯಿಂದ ಮನೆಗೆ ಕೈ ಬದಲಾಯಿಸುತ್ತ ತಿಂಗಳುಗಟ್ಟಲೆ ಊರೆಲ್ಲ ಓಡಾಡುತ್ತದೆ. ಪ್ರತಿವರ್ಷ ಅದು ಮುಂಬಯಿಯ ಚಿತ್ರಕಾರರೊಬ್ಬರ ಪಾಲಾಗುತ್ತಿತ್ತು.

ಆ ವರ್ಷ ಕೇಳಿಯೇ ಬಿಟ್ಟೆ. ಸಂಪಾದಕರು ವಯಸ್ಸಾದವರು, ಮಾತು ನೇರ, ನನ್ನನ್ನು ವಹಿನಿ, ಅಂದರೆ ಅತ್ತಿಗೆ, ಎಂದು ಕರೆಯುವವರು. "ವಹಿನಿ, ನಿಮ್ಮ ಹೆಂಗಸರಿಗೆ ಕೈಗಳೇ ಇಲ್ಲವಲ್ಲ. ಗಣಪತಿ ವಿಸರ್ಜನೆಯೊಳಗೆ ಒಳ್ಳೆಯ ಕೈ ಬರೆದು ತನ್ನಿ, ಮುಖಪುಟ ನಿಮ್ಮದು" ಎಂದು ಮರಾಠಿಯಲ್ಲಿ ಹೇಳಿದರು. ಅವಮಾನದಿಂದ ನನ್ನ ಕಿವಿ ಬಿಸಿಯಾಯಿತು. ಆದರೆ ಅವರು ಹೇಳಿದ್ದು ಸುಳ್ಳಾಗಿರಲಿಲ್ಲ.

ಕೈ ಕಲಿಯಲು ನಾನು ಹೋದದ್ದು ಸಿನೆಮಾಕ್ಕೆ. ಟಾಕಿ, ಅಂದರೆ ಮಾತಾಡುವ ಸಿನೆಮಾ, ಬಂದ ಹೊಸತು, ನಮ್ಮ ಅತ್ತೆಯವರಿಗೆ ಅದರ ಹುಚ್ಚು. ಮಡಿ, ಏಕಾದಶಿ ಒಂದನ್ನೂ ತಪ್ಪಿಸದ ಹೆಂಗಸು, ಹೊಸ ಸಿನೆಮಾ ಬಂತೆಂದರೆ ಮಧ್ಯಾಹ್ನ ಒಲೆ ಬೇಗ ಆರಿಸುತ್ತಿದ್ದರು. ಮಗನಿಗೆ ಹೇಳಲು ನಾನೊಂದು ನೆಪ. "ಚಿತ್ರಾ ಬರಿಯಾಕಿಗೆ ಸಿನೆಮಾ ನೋಡಬೇಕಾಗ್ತದಂತ. ಒಬ್ಬಾಕಿನ್ನs ಹೆಂಗ ಕಳಿಸ್ಲಿ?" ಎನ್ನುತ್ತ ಚಪ್ಪಲಿ ಮೆಟ್ಟುತ್ತಿದ್ದರು.

ಸಿನೆಮಾ ನೋಡಿದರೆ ಕಲೆಯ ರುಚಿ ಕೆಡುತ್ತದೆ ಎಂದು ಬಲ್ಲವರೆಲ್ಲ ಆಗ ಹೇಳುತ್ತಿದ್ದರು. ಶಾಲೆಯಲ್ಲಿ ನನಗೆ ಚಿತ್ರ ಕಲಿಸಿದ ಮಾಸ್ತರರೂ ಅದನ್ನೇ ಹೇಳಿದ್ದರು. ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಅಳುವ ಹೆಂಗಸಿನ ಮುಖವನ್ನು ಗೋಡೆಯಷ್ಟು ದೊಡ್ಡದಾಗಿ, ಸಂಕೋಚವಿಲ್ಲದೆ ನೋಡಲು ನನ್ನಂಥವಳಿಗೆ ಬೇರೆಲ್ಲಿ ಸಾಧ್ಯವಿತ್ತು? ಹಾಡುಗಳೂ ಇಷ್ಟ, ಕತ್ತಿವರಸೆಯೂ ಇಷ್ಟ. ಇಷ್ಟವಾದದ್ದನ್ನು ಮುಚ್ಚಿಟ್ಟುಕೊಂಡು ಗಂಭೀರ ಮುಖ ಮಾಡುವವರಿಂದ ಒಳ್ಳೆಯ ಚಿತ್ರ ಬರುತ್ತದೆಂದು ನನಗೆ ನಂಬಿಕೆಯಿಲ್ಲ.

ಒಂದೇ ಟಾಕಿಯನ್ನು ಐದು ಸಲ ನೋಡಿದೆ. ಕತ್ತಲಲ್ಲಿ ಕಾಗದ ಕಾಣದಿದ್ದರೂ ಪೆನ್ಸಿಲ್ ಓಡಿಸಿ ನಾಯಕಿಯ ಕೈಗಳನ್ನು ಗೀಚಿಕೊಂಡೆ, ಮನೆಯಲ್ಲಿ ತಿದ್ದಿ ಇಪ್ಪತ್ತು ಕೈ ಮಾಡಿ ಒಯ್ದೆ. ಸಂಪಾದಕರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. "ಚೆನ್ನಾಗಿವೆ. ಆದರೆ ಇವೆಲ್ಲ ತಮ್ಮನ್ನು ಯಾರೋ ನೋಡುತ್ತಿದ್ದಾರೆಂದು ಗೊತ್ತಿರುವ ಕೈಗಳು" ಎಂದರು.

ಮನೆಗೆ ಬಂದು ಅತ್ತುಬಿಟ್ಟೆ. ಇಪ್ಪತ್ತನ್ನೂ ಹರಿದು ಒಲೆಗೆ ಹಾಕಿದೆ. ಆರನೆಯ ಸಲ ಟಾಕಿಗೆ ಹೋದಾಗ ಪರದೆಗೆ ಬೆನ್ನು ಕೊಟ್ಟು ಕುಳಿತೆ. ಎಂಥ ಶಿಕ್ಷೆ ಅದು! ಮೆಚ್ಚಿನ ಹಾಡು ಕೇಳಿಸುತ್ತಿತ್ತು, ತಿರುಗುವಂತಿರಲಿಲ್ಲ. ಹಟ ಹಿಡಿದು ತಿರುಗಲಿಲ್ಲ. ಹೆಂಗಸರು ಕೂಡುವ ಕಡೆಯಲ್ಲೆಲ್ಲ ಪರದೆಯ ಬೆಳಕು ಏರುತ್ತ ಇಳಿಯುತ್ತಿತ್ತು. ಒಬ್ಬಳು ಸೆರಗಿನ ತುದಿಯನ್ನು ಮಡಿಸುತ್ತಿದ್ದಳು, ಬಿಚ್ಚುತ್ತಿದ್ದಳು. ಇನ್ನೊಬ್ಬಳ ಶೇಂಗಾ ಬಾಯಿಯ ಹತ್ತಿರ ಹೋಗಿ ನಿಂತುಬಿಟ್ಟಿತ್ತು. ಆಮೇಲೆ ಪಕ್ಕದಲ್ಲೇ ಕುಳಿತ ಅತ್ತೆಯವರ ಕೈ ಕಂಡಿತು.

ಅವರ ಬಲಗೈಯ ಕಿರುಬೆರಳು ಸೊಟ್ಟ. ಚಿಕ್ಕವರಿದ್ದಾಗ ಬೀಸುಕಲ್ಲಿಗೆ ಸಿಕ್ಕಿ ಮುರಿದು, ಹೊರಕ್ಕೆ ತಿರುಗಿ ಕೂಡಿಕೊಂಡಿತ್ತು. ಹೊರಗಿನವರ ಮುಂದೆ ಆ ಕೈಯನ್ನು ಅವರು ಸೆರಗಿನಿಂದ ಆಚೆ ತೆಗೆಯುತ್ತಿರಲಿಲ್ಲ. ಅರಿಶಿನ ಕುಂಕುಮಕ್ಕೆ ಬಂದವರಿಗೆ ಕುಂಕುಮ ಹಚ್ಚುವವಳು ನಾನು, ಮನೆಗೆ ಬಂದವರಿಗೆ ಚಹ ಕೊಡುವವಳೂ ನಾನೇ. ಇಲ್ಲಿ, ಕತ್ತಲಲ್ಲಿ, ಕಥೆಯೊಳಗೆ ಮುಳುಗಿ ಅವರು ಅದನ್ನು ಮರೆತಿದ್ದರು. ಕೈ ತುಟಿಯ ಮೇಲಿತ್ತು. ಆ ಒಂದು ಬೆರಳು ಉಳಿದವುಗಳಿಂದ ದೂರ ನಿಂತು ಸಣ್ಣಗೆ ನಡುಗುತ್ತಿತ್ತು. ನಾನು ಬರೆದುಕೊಂಡೆ.

ಮುಖಪುಟಕ್ಕೆ ಟಾಕಿ ನೋಡುತ್ತಿರುವ ಹರೆಯದ ಹೆಣ್ಣೊಬ್ಬಳನ್ನು ಬರೆದೆ, ಆ ಕೈಯನ್ನು ಅವಳಿಗೆ ಕೊಟ್ಟೆ. ಅತ್ತೆಯವರನ್ನು ಕೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತಾರೆಂದು ಗೊತ್ತಿತ್ತು, ನನಗೆ ಆ ಕೈ ಬೇಕಾಗಿತ್ತು. ಅದು ನನ್ನ ತಪ್ಪು, ಬೇರೆ ಹೆಸರಿಟ್ಟು ಕರೆಯಲಾರೆ.

ಸಂಪಾದಕರು ಚಿತ್ರ ನೋಡಿ ಕುಣಿದಾಡುವುದೊಂದು ಬಾಕಿ. ಮರುದಿನ ಅವರ ಮನಸ್ಸು ಬದಲಾಯಿತು. ಹಬ್ಬದ ಸಂಚಿಕೆಗೆ ಊನ ಬೇಡ, ಆ ಕಿರುಬೆರಳನ್ನು ನೆಟ್ಟಗೆ ಮಾಡಿ ಎಂದು ಚಿತ್ರ ವಾಪಸು ಕಳಿಸಿದರು. ಬೇರೆ ಕಾಗದದ ಮೇಲೆ ಮೂರು ಸಲ ನೆಟ್ಟಗೆ ಮಾಡಿ ನೋಡಿದೆ. ಮೂರು ಸಲವೂ ಅದು ಸಾಬೂನಿನ ಜಾಹೀರಾತಿನ ಕೈಯಾಯಿತು. ಯಾರದೂ ಅಲ್ಲದ ಕೈ. ಬರೆದಂತೆಯೇ ಅಚ್ಚುಹಾಕಿ, ಇಲ್ಲದಿದ್ದರೆ ನನಗೆ ಮುಖಪುಟವೇ ಬೇಡ ಎಂದು ಚೀಟಿ ಬರೆದು ಕಳಿಸಿದೆ. ಕಳಿಸುವ ಮುನ್ನ ಮತ್ತೊಮ್ಮೆ ಓದಿದೆ, ಒಂದು ಅಕ್ಷರ ಬದಲಿಸಲಿಲ್ಲ.

ಮೂರನೆಯ ದಿನ ಸಂಪಾದಕರೇ ಮನೆಗೆ ಬಂದರು. ಯಜಮಾನರು ಕಚೇರಿಗೆ ಹೋಗಿದ್ದರು. ಮುದುಕರು ಕುರ್ಚಿಯಲ್ಲಿ ಕುಳಿತವರೇ ನಾನು ಗೋಡೆಯ ಕಡೆ ಮುಖ ಮಾಡಿ ಒರಗಿಸಿಟ್ಟಿದ್ದ ಚಿತ್ರವನ್ನು ಎತ್ತಿ, ಒಳಬಾಗಿಲಲ್ಲಿ ನಿಂತಿದ್ದ ಅತ್ತೆಯವರ ಕಡೆ ತಿರುಗಿಸಿದರು. "ಅಮ್ಮಾ, ನೀವಾದರೂ ಸೊಸೆಗೆ ಬುದ್ಧಿ ಹೇಳಿ. ಎಷ್ಟು ಲಕ್ಷಣದ ಹುಡುಗಿ, ಬೆರಳು ನೋಡಿ ಹೇಗಿದೆ. ಜನ ನಗುತ್ತಾರೆ."

ಅತ್ತೆಯವರು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಒಳಗೆ ಹೋದರು. ಮುಖಪುಟವೂ ಹೋಯಿತು, ಕುಂಚ ಹಿಡಿಯುವುದೂ ಇಂದಿಗೆ ಮುಗಿಯಿತು ಎಂದುಕೊಂಡೆ. ಒಳಗಿನಿಂದ ಸ್ಟೋವಿನ ಸದ್ದು ಕೇಳಿತು. ಚಹ ತರಲು ಎದ್ದೆ.

"ನೀ ಕೂಡು" ಎಂದು ಒಳಗಿನಿಂದಲೇ ಹೇಳಿದರು.

ಚಹದ ಕಪ್ಪು ಬಸಿ ಹಿಡಿದು ಅವರೇ ಹೊರಗೆ ಬಂದರು. ಬಲಗೈ ಪೂರ್ತಿ ಸೆರಗಿನಾಚೆ ಇತ್ತು. ಸಂಪಾದಕರ ಎದುರಿಗೆ ನಿಂತು ತಮ್ಮ ಧಾರವಾಡದ ಮರಾಠಿಯಲ್ಲಿ "ಚಹಾ ಘ್ಯಾ" ಎಂದು ಕೈ ಮುಂದೆ ಚಾಚಿದರು. ಬಸಿಯ ಅಂಚಿನಿಂದ ಕಿರುಬೆರಳು ಹೊರಕ್ಕೆ ನಿಂತಿತ್ತು. ಮುದುಕರು ಅದನ್ನು ನೋಡಿದರು, ಚಿತ್ರವನ್ನು ನೋಡಿದರು, ಆಮೇಲೆ ತಲೆಯೆತ್ತಲಿಲ್ಲ. ಅತ್ತೆಯವರು ಕೈ ಕದಲಿಸದೆ ನಿಂತೇ ಇದ್ದರು. ಕೊನೆಗೆ ಮುದುಕರು ಕಪ್ಪು ತೆಗೆದುಕೊಂಡರು, ಚಹ ಕುಡಿದು ಮುಗಿಸಿದರು, ಚಿತ್ರವನ್ನು ಕಾಗದದಲ್ಲಿ ಸುತ್ತಿದರು.

"ನಾಳೆ ಅಚ್ಚಿನ ಬ್ಲಾಕ್ ಮಾಡಲು ಕೊಡುತ್ತೇನೆ" ಎಂದರು.

"ಇದ್ದ ಹಾಗೆಯೇ?" ಎಂದು ಕೇಳಿದೆ.

"ಇದ್ದ ಹಾಗೆಯೇ."

ಅವರು ಹೋದ ಮೇಲೆ ಅತ್ತೆಯವರು ನನಗೆ ಬೆನ್ನು ಮಾಡಿ ಕಪ್ಪು ತೊಳೆಯುತ್ತ ಕುಳಿತರು.

"ತಪ್ಪಾತ್ರಿ ಅತ್ಯಾ. ನಿಮ್ಮನ್ನ ಕೇಳಬೇಕಿತ್ತು" ಎಂದೆ.

"ಕೇಳಬೇಕಿತ್ತು. ಐವತ್ತು ವರ್ಷ ಮುಚ್ಚಿಟಗೊಂಡು ಬಂದದ್ದು. ಇನ್ನ ಊರ ಮಂದಿ ಎಲ್ಲಾ ನೋಡ್ತಾರ." ದನಿ ಒಡೆದಿತ್ತು. ಸಿಟ್ಟೂ ಇತ್ತು, ಅದು ಸುಳ್ಳು ಸಿಟ್ಟಲ್ಲ. ನನಗೆ ಅಳು ಬಂತು.

ಅವರು ತೊಳೆದ ಕಪ್ಪನ್ನು ಬೋರಲು ಹಾಕಿ, ಕೈ ಒರೆಸಿಕೊಂಡು, ಬೆರಳುಗಳನ್ನು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿಕೊಂಡರು.

"ಮೊದಲs ಹೇಳಿದ್ರ ಅವತ್ತು ಟಾಕಿಗೆ ಕೈತುಂಬ ಹೊಸಾ ಬಳಿಯರ ಇಡಿಸ್ಕೊಂಡು ಬರ್ತಿದ್ನಲ್ಲ" ಎಂದರು.