ಅತ್ತೆಯ ಕಾಲು, ಮಾವನ ತೊಡೆ

ಮೊನ್ನೆ ಅಟ್ಟ ಗುಡಿಸುವಾಗ ಸೂರಿನ ಸಂದಿಯಿಂದ ಒಂದು ಬಾರುಕೋಲು ಜಾರಿ ನನ್ನ ತಲೆಯ ಮೇಲೇ ಬಿತ್ತು. ಅದರ ತುದಿಗೆ ತಂತಿ ಸುತ್ತಿ ಅಂಗೈಯಗಲದ ಕನ್ನಡಿ ಕಟ್ಟಿದೆ. ಬೇರೆ ಯಾರಾದರೂ ನೋಡಿದ್ದರೆ ಮಾಟದ ಸಾಮಾನು ಅಂದುಕೊಂಡು ಹೆದರುತ್ತಿದ್ದರು. ನಾನು ಮಾತ್ರ ಆ ಧೂಳಿನಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಮ್ಮ ಮಾವ ನೆನಪಾದರು.

ಮಾವ ಅಂದರೆ ನನ್ನ ಗಂಡನ ತಂದೆ. ಹಣೆ ತುಂಬ ವಿಭೂತಿ, ಮುಖ ತುಂಬ ಮೀಸೆ. ಜೀರಹಳ್ಳಿ ದಾರಿಯ ನಮ್ಮ ಹೊಲದಲ್ಲಿ ಆನೆ ಎಲೆಕೋಸಿಗೆ ಬಾಯಿ ಹಾಕಿದರೆ ಒಬ್ಬರೇ ತಮಟೆ ಹಿಡಿದು ಹೊರಡುತ್ತಿದ್ದರು. ಅದೇ ಮನುಷ್ಯ ಮನೆಯಲ್ಲಿ ಚೊಂಬು ಮೊಣಕೈ ಪಕ್ಕದಲ್ಲಿದ್ದರೂ "ನೀರು!" ಎಂದು ಕೂಗುವ ಆಸಾಮಿ. ಉಂಡ ತಟ್ಟೆ ಎತ್ತಿಟ್ಟದ್ದನ್ನು ನಾನಂತೂ ಕಂಡವಳಲ್ಲ.

ಅತ್ತೆಗೆ ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಗಿತ್ತು. ಪಾದ ಜೋಮು ಹಿಡಿದು ಹಿಡಿದು ಕೊನೆಗೆ ಸ್ಪರ್ಶವೇ ಹೋಗಿತ್ತು. "ನಂಗೆ ಮುಳ್ಳೂ ಚುಚ್ಚಕಿಲ್ಲ ಕಣವ್ವ" ಎಂದು ಅವರು ಜಂಬ ಕೊಚ್ಚಿದರೆ ನಾವೂ ಪೆದ್ದರ ಹಾಗೆ ಹೌದೆನ್ನುತ್ತಿದ್ದೆವು. ಊದಿದ ಬೆರಳಿಗೆ ಕಾಲುಂಗುರ ಕಚ್ಚಿಕೊಂಡು ಒಳಗೊಳಗೇ ಕೀವಾದದ್ದು ವಾಸನೆ ಬಂದ ಮೇಲೇ ತಿಳಿದದ್ದು. ಆಸ್ಪತ್ರೆಯಲ್ಲಿ ಆ ಬೆರಳನ್ನೇ ತೆಗೆದರು. ಅತ್ತೆ ಬೆರಳು ಹೋಯಿತೆಂದು ಅಳಲಿಲ್ಲ, ಗಂಡ ಕಲ್ಲುಗುಂಡಿನ ಹಾಗೆ ಎದುರಿಗಿರುವಾಗಲೇ ಕಾಲುಂಗುರ ಕತ್ತರಿಸಿದರಲ್ಲಾ ಎಂದು ಅತ್ತರು. ಡಾಕ್ಟರು ಮಾವನನ್ನು ಪಕ್ಕಕ್ಕೆ ಕರೆದು, ಇನ್ನೊಂದು ಗಾಯ ಹೀಗೇ ಕಣ್ಣಿಗೆ ಬೀಳದೆ ಹೋದರೆ ಮೊಣಕಾಲಿನವರೆಗೆ ತೆಗೆಯಬೇಕಾಗುತ್ತದೆ, ದಿನವೂ ಯಾರಾದರೂ ಅಂಗಾಲು, ಬೆರಳ ಸಂದಿ ನೋಡಲೇಬೇಕು ಎಂದರು.

ಯಾರು ನೋಡುವುದು? ಅತ್ತೆಗೆ ಕಣ್ಣಲ್ಲಿ ಪೊರೆ, ಬಗ್ಗಲು ಹೊಟ್ಟೆ ಅಡ್ಡ. ತಮ್ಮ ಪಾದ ತಾವೇ ಕಂಡು ಯಾವ ಕಾಲವಾಗಿತ್ತೋ... ನಾನು ನೋಡುತ್ತೇನೆ ಎಂದೆ. "ಸೊಸೆ ಕೈಗೆ ಇವತ್ತು ಕಾಲು ಕೊಟ್ರೆ ನಾಳೆ ಜುಟ್ಟೂ ಕೊಡಬೇಕಾಯ್ತದ" ಎಂದು ನನ್ನ ಮುಖಕ್ಕೇ ಹೇಳಿದರು. ಸಿಟ್ಟು ಬಂತು ಅನ್ನಿ, ನೆತ್ತಿಗೇ ಬಂತು. ನನ್ನ ಗಂಡನಿಗೆ ಸಂಜೆಯಾದರೆ ಲಾರಿಗೆ ಕೋಸು ತುಂಬಿಸುವ ಕೆಲಸ. ಉಳಿದವರು ಮಾವ ಒಬ್ಬರೇ. ಆದರೆ ಗಂಡನ ಕೈಗೆ ಹೆಂಡತಿ ಕಾಲು ಕೊಡುವುದುಂಟೇ? "ನಂಗೆ ನರ್ಕವೇ ಗತಿ ಆಯ್ತದ ಕಣಿ. ಕಾಲು ಓದ್ರೆ ಓಗ್ಲಿ" ಎಂದು ಅತ್ತೆ ಪಾದವನ್ನು ಸೀರೆಯೊಳಗೆ ಎಳೆದುಕೊಂಡರು.

ಆಗ ಹುಟ್ಟಿದ್ದು ಈ ಕೋಲಿನ ಕನ್ನಡಿ. ಮುಟ್ಟಬಾರದು, ಆದರೆ ನೋಡಬೇಕು. ಅತ್ತೆ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂರುವುದು, ಮಾವ ಹಾವು ಹುಡುಕುವವರ ಹಾಗೆ ದೂರದಿಂದಲೇ ಕೋಲು ತೂರಿ, ಬ್ಯಾಟರಿ ಬಿಟ್ಟು ಇಣುಕುವುದು. "ಏನು ಕಾಣ್ತದ ಮಾವ?" ಎಂದು ನಾನು ಕೇಳಿದರೆ, "ನನ್ ಮೀಸೆ ಕಾಣ್ತದ" ಎನ್ನುತ್ತಿದ್ದರು.

ಮನೆಮನೆಗೆ ಬರುವ ನರ್ಸಮ್ಮ ತಮಿಳು ಹುಡುಗಿ. ಈ ಸರ್ಕಸ್ಸು ಕಂಡು ನಗಲೂ ಆಗದೆ ಬಿಡಲೂ ಆಗದೆ ಒದ್ದಾಡಿದಳು. "ತಾತಾ, ಕಾಲು ಸುಡ್ತಾ ಇದ್ರೆ ಕಣ್ಣಾಡಿಗೆ ಗೊತ್ತಾಗತ್ತಾ? ಕೈ ಇಟ್ಟೇ ನೋಡಬೇಕು" ಎಂದು ತನ್ನ ಕನ್ನಡದಲ್ಲಿ ಗದರಿಸಿ ಹೋದಳು.

ಆ ಸಂಜೆ ಮಾವ ಕೋಣೆಯ ಬಾಗಿಲಿಗೆ ಚಿಲಕ ಹಾಕಿ, "ಕೊಡಮ್ಮಿ ಕಾಲ" ಎಂದರು. ಅತ್ತೆ ಬಹಳ ಹೊತ್ತು ಜಗ್ಗಾಡಿ ಕೊನೆಗೆ ಒಂದು ಷರತ್ತು ಹಾಕಿದರು. ನೋಡಿ ಮುಗಿದ ಕೂಡಲೇ ತಾನು ಗಂಡನಿಗೆ ಅಡ್ಡಬೀಳಬೇಕು, ಪಾಪ ಅಲ್ಲಿಂದಲ್ಲಿಗೆ ತೀರಬೇಕು. ಮಾವ ಒಪ್ಪಿದರು. ಪಾದ ತೊಳೆದು, ಸಂದಿ ಸಂದಿ ಒರೆಸಿ, ತೊಡೆಯ ಮೇಲಿಟ್ಟುಕೊಂಡು ನೋಡಿದರು, ಉದ್ದಕ್ಕೂ ಬೈಯುತ್ತಾ. "ಇದೇನ್ ಕಾಲಾ, ಉತ್ತ ಒಲಾನಾ?" ಎಂಬುದು ಹಜಾರಕ್ಕೇ ಕೇಳಿಸುತ್ತಿತ್ತು. ಆಮೇಲೆ ಅತ್ತೆ ಅಡ್ಡಬಿದ್ದರು. ಬಿದ್ದದ್ದೇನೋ ಬಿದ್ದರು, ಏಳಲು ಆಗಲಿಲ್ಲ. "ಕೂಸೂ, ಓಡಿ ಬಾರವ್ವ, ನಿಮ್ಮತ್ತೆಯ ಎತ್ತು!" ಎಂದು ಮಾವ ಕೂಗುತ್ತಾರೆ, ಚಿಲಕ ಒಳಗಿನಿಂದ! ಅಲ್ಲಿಂದ ದಿನಾ ಇದೇ ಪೂಜೆ, ಎತ್ತುವ ಸೇವೆ ನನ್ನದು.

ಬಾಗಿಲಿಗೆ ಚಿಲಕ ಹಾಕಿದರೇನು, ಕಿಟಕಿ ಇತ್ತಲ್ಲ. ಬಿತ್ತನೆ ಬೆಳ್ಳುಳ್ಳಿ ಕೇಳಲು ಬಂದ ಪಕ್ಕದ ಹೊಲದವನು ಕಂಡೇಬಿಟ್ಟ. ಮರುದಿನ ಟೀ ಅಂಗಡಿಯಲ್ಲಿ, "ಏನ್ ಯಜಮಾನ್ರೇ, ಈ ವಯಸ್ಸಲ್ಲಿ ಎಂಡ್ರು ಕಾಲು ಇಡಿದ್ರಂತೆ?" ಎಂದನಂತೆ. ಅಲ್ಲೇ ಇದ್ದ ನನ್ನ ಗಂಡ ಬಂದು ಹೇಳಿದ್ದು. ಮಾವ ನಿಧಾನವಾಗಿ ಟೀ ಮುಗಿಸಿ, ಮೀಸೆ ಒರೆಸಿಕೊಂಡು, "ನಿನ್ನೆಂಡ್ರು ಕಾಲಲ್ಲಿ ಬೆರಳು ಎಷ್ಟವೆ, ಯೋಳ್ಲಾ ಮೊದ್ಲು" ಎಂದರಂತೆ.

"ಅತ್ತು."

"ಎಣಿಸಿ ನೋಡಿದ್ದೀಯೇನ್ಲಾ? ನಾ ನೋಡಿವ್ನಿ. ನನ್ನೆಂಡ್ರುದು ಒಂಬತ್ತು. ಒಂಬತ್ತೂ ನೆಟ್ಟಗವೆ ಕಣ್ಲಾ!"

ಆ ದಿನ ಟೀ ಕುಡಿದವರಲ್ಲಿ ಎಷ್ಟು ಜನ ಮನೆಗೆ ಹೋಗಿ ಹೆಂಡತಿಯ ಕಾಲು ಇಣುಕಿ ಬೈಸಿಕೊಂಡರೋ ನಾನರಿಯೆ.

ಒಂದು ಸಂಜೆ ಕೋಣೆಯೊಳಗೆ ಬೈಗುಳ ತಟ್ಟನೆ ನಿಂತಿತು. ಒಲೆ ಬಿಟ್ಟು ಓಡಿ ಬಾಗಿಲು ಬಡಿದೆ, ಮಾವ ಚಿಲಕ ತೆಗೆದರು. ಹೆಬ್ಬೆರಳ ಬುಡ ಕೆಂಪಗೆ ಊದಿತ್ತು, ಮುಟ್ಟಿದರೆ ಬಿಸಿ. ಅತ್ತೆಗೆ ಮಾತ್ರ ನೋವೇ ಇಲ್ಲ, "ಏನಾಯ್ತು?" ಎಂದು ನಮ್ಮನ್ನೇ ಕೇಳುತ್ತಾರೆ. ಆನೆಗೆ ಹೆದರದ ಮಾವ ಆ ರಾತ್ರಿ ಮೂರು ಸಲ ಎದ್ದು ಬ್ಯಾಟರಿ ಬಿಟ್ಟು ಅದೇ ಬೆರಳು ನೋಡಿದರು. ಮರುದಿನ ಮೊದಲ ಬಸ್ಸಿಗೇ ಕರೆದುಕೊಂಡು ಹೋದರು. ಬೇಗ ಬಂದಿದ್ದಕ್ಕೆ ಕಾಲು ಉಳಿಯಿತು ಎಂದರಂತೆ ಡಾಕ್ಟರು. ಬಸ್ಸಿಳಿದು ಬಂದ ಮಾವ ಅಂದು ತಾವೇ ಚೊಂಬು ಎತ್ತಿ ನೀರು ಕುಡಿದರು.

ಅವರು ಹೋದದ್ದು ಎದೆನೋವಿನಿಂದ. ಹೊಲದಿಂದ ಬಂದು ಜಗಲಿಯಲ್ಲಿ ಕೂತವರು ಮತ್ತೆ ಏಳಲೇ ಇಲ್ಲ... ಮೀಯಿಸುವಾಗ ನನ್ನ ಗಂಡ ಅವರ ಕಾಲು ಎತ್ತಿ ತೊಳೆದರು. ಹಿಮ್ಮಡಿ ಬೆರಳು ಹೋಗುವಷ್ಟು ಬಿರಿದಿತ್ತು. ಅಂಗಾಲಿನಲ್ಲಿ ಮುರಿದ ಮುಳ್ಳೊಂದು ಕಪ್ಪಗೆ ಕೂತಿತ್ತು, ಎಷ್ಟು ದಿನದ್ದೋ. ಅತ್ತೆ ಕೈಯಾಡಿಸಿ, ಬೆರಳಿಗೆ ಅದು ತಗುಲಿದ್ದೇ, "ಅಯ್ಯೋ ಸಿವ್ನೇ... ದಿನಾ ಈ ಕಾಲಿಗೇ ಅಡ್ಡಬಿದ್ನಲ್ಲಾ, ಒಂದಿನಾನೂ ಅಡಿ ನೋಡ್ನಿಲ್ವಲ್ಲಾ" ಎಂದು ಎದೆ ಬಡಿದುಕೊಂಡರು. ನಮ್ಮಲ್ಲಿ ಯಾರೂ ನೋಡಿರಲಿಲ್ಲ.

ಈಗ ಸಂಜೆ ಅತ್ತೆಯ ಕಾಲು ನನ್ನ ತೊಡೆಯ ಮೇಲಿರುತ್ತದೆ. ತಾವಾಗಿಯೇ ಕೊಟ್ಟರು. ತೊಳೆಯುತ್ತೇನೆ, ಒರೆಸುತ್ತೇನೆ, ದೀಪ ಹತ್ತಿರ ತಂದು ನೋಡುತ್ತೇನೆ. ಗಾಯವಿಲ್ಲ, ಊತವಿಲ್ಲ. ನಿನ್ನೆ ಅವರು, "ಚೆಂದಾಗೇ ನೋಡ್ತೀಯ ಕಣವ್ವ. ಆದ್ರೂ ಅವ್ರು ಬೈಕಂಡ್ ಬೈಕಂಡ್ ನೋಡೋರು... ನೀನೂ ಒಂದ್ಸಲ ಬೈಯವ್ವ" ಎಂದರು.

ಬೆಳಗಿನಿಂದ ಬೈಗಿನವರೆಗೆ ಎಲ್ಲರನ್ನೂ ಬೈಯುವ ಬಾಯಿ ನನ್ನದು, ಊರಿಗೇ ಗೊತ್ತು. ಅವರ ಪಾದ ಹಿಡಿದುಕೊಂಡು ಬೈಯಲು ನೋಡಿದೆ. ಬೈಗುಳದ ಬದಲು ಬಾಯಿಗೆ ಬಂದದ್ದು ಎಣಿಕೆ, ಒಂದು, ಎರಡು ಎಂದು ಒಂಬತ್ತರವರೆಗೆ.