ಮಡೆಪ್ಪನ ಲಾಹೋರ್ ಅರ್ಜಿ

ಕೇಳಿಲ್ಲಿ ತಾರಾ, ನಮ್ಮ ನ್ಯಾಲ್ಕಲ್ ಮಡೆಪ್ಪ ಈ ವರ್ಷನೂ ಲಾಹೋರಿಗೆ ಅರ್ಜಿ ಬರ್ಯಾಕ ಕುಂತಾನ. ಬಿ.ಎ. ಆದೋರಿಗೆ ಅಖಬಾರದಾಗ, ಅಂದ್ರ ಪತ್ರಿಕಿಯಾಗ, ಸುದ್ದಿ ಬರಿಯೋದು ಕಲಿಸೋ ಕಾಲೇಜು ಅಲ್ಲಿ ಅದಂತ. ಜೇಬಿನಾಗ ಎರಡು ಪೆನ್ನು, ಒಂದರಾಗೂ ಶಾಯಿ ಇಲ್ಲ. ಉಪ್ಪು ಕೇಳಬೇಕಾದ್ರೂ ಸುದ್ದಿ ಹೇಳವರಂಗ ‘ಖಬರ್ ಏನಂದ್ರ’ ಅಂತ ಸುರು ಮಾಡ್ತಾನ. ಹೆಂಡ್ತಿ ಸುಗಲಾ, ನನ್ನ ತಂಗಿ ಮಗಳು, ಬಾಳ ಶಾಣ್ಯಾಕಿ, "ಖಬರ್ ಏನಂದ್ರ, ಉಪ್ಪು ನಿಮ್ಮ ಮುಂದೇ ಅದ್ರಿ" ಅಂತಾಳ. ಅರ್ಜಿ ಜೊತಿ ನಿಮ್ಮೂರ ಸುದ್ದಿ ಒಂದು ಬರ್ದು ಕಳಸ್ರಿ ಅಂತ ಕಾಲೇಜಿನವರು ಕೇಳಿದ್ರ, ಈ ಶೂರ ಎರಡು ಸಲನೂ ಜರ್ಮನಿ ಲಡಾಯಿ ಬರ್ದ, ಎರಡು ಸಲನೂ ಒಲ್ಲೆ ಅಂದ್ರು. "ಊರಾಗ ಸುದ್ದಿ ಎಲ್ಲದರಿ ಅತ್ತಿ?" ಅಂತಾನ. ಗ್ವಾಡಿ ಆಚಿಗೆ ಅಂಜಪ್ಪ, ಬಿಟ್ಟಿ ಕೆಲಸಕ್ಕ ಒಲ್ಲೆ ಅಂದಿದ್ದಕ್ಕ ಪಟೇಲನ ಕೈಲೆ ಹೊಡತ ತಿಂದು ಮಲಗ್ಯಾನ. ಇವಗ ಕಾಣೋದು ಬರ್ಲಿನ್. ಮನುಷ್ಯ ಚಲೋ ಅಂತ ಅರ್ಜಿಗೆ ಹಚ್ಚೋ ನಡತಿ ಚೀಟಿಗೆ ಪಟೇಲನ ಮೊಹರು ಬೇಕಲ್ಲ, ಪಟೇಲ ಅರ್ಜಿ ಪೂರಾ ಓದಿಸಿ ಕೇಳಿದ ಮ್ಯಾಲೇ ಮೊಹರು ಒತ್ತೋದು. ಪುಕ್ಕಲ ಅಂತ ನಾನೂ ಬೈದೀನಿ. ಇವತ್ತು ಕೋಟು ಒಗ್ಯಾಕ ತಗದಾಗ ಸುಗಲಾಗ ಒಂದು ಲಕೋಟಿ ಸಿಕ್ತು. ಅವನ ಕೈಲೇ ಓದಿಸಿದ್ವಿ: ಅಂಜಪ್ಪನ ಸುದ್ದಿ, ಪಟೇಲನ ಹೆಸರು ಸಮೇತ; ವಿಳಾಸ ಹೈದರಾಬಾದಿನ ಅಖಬಾರದ್ದು. ಕೆಳಗ ಸಹಿ ಮಾಡ್ಯಾನ, ಅಳಿಸ್ಯಾನ, ಮತ್ತ ಮಾಡ್ಯಾನ. ಇದು ಅಚ್ಚಾದ್ರ ಮೊಹರೂ ಇಲ್ಲ, ಲಾಹೋರೂ ಇಲ್ಲ, ಅವಗ ಗೊತ್ತದ. ಈಗ "ಹಾಕಿ ಬರ್ತೀನ್ರಿ" ಅಂತ ಹೊಸ್ತಿಲ ಮುಂದ ನಿಂತಾನ. ಟಪಾಲ ಡಬ್ಬಿ ದಾರಿಯಾಗ ಪಟೇಲನ ಮನಿ ಬರ್ತದ, ಒಬ್ಬನೇ ಹೋದ್ರ ಅಂಜಿ ಲಕೋಟಿ ಹಾಕದೇ ಹೊಳ್ಳಿ ಬರ್ತಾನ. ಚಪ್ಪಲಿ ಹಾಕ್ಕೊ, ಡಬ್ಬಿತನಕ ಅವನ ಜೊತಿ ನಡದು ಬಾ.