ತೊಟ್ಟಿಯ ಗೋಡೆ ಹತ್ತಿದ ಹುಳುಗಳು

ನರೋಣಾದ ನಮ್ಮ ಓಣಿಯಲ್ಲಿ ತುಳಸಾಬಾಯಿಯಂಥ ಅಂಜುಬುರುಕಿ ಇನ್ನೊಬ್ಬಳಿಲ್ಲ. ಗುಡುಗಿದರೆ ಬಾಗಿಲು ಹಾಕುತ್ತಾಳೆ, ಫೋನು ಬಂದರೆ ಯಾರಿಗೆ ಏನಾಯಿತೋ ಎಂದು ಎದೆ ಹಿಡಿದುಕೊಳ್ಳುತ್ತಾಳೆ. ಹಗ್ಗ ಕಂಡರೂ ಹಾವೆನ್ನುವ ಜೀವ. ಇಂಥವಳು ಬರಿಗೈಯಲ್ಲಿ ಎರೆಹುಳು ಸಾಕುತ್ತಾಳೆಂದರೆ ನೀವು ನಂಬಲಿಕ್ಕಿಲ್ಲ. ಅದನ್ನೂ ಅವಳು ಮಾಡಿದ್ದು ಅಂಜಿಕೆಯಿಂದಲೇ.

ಹೋದ ವರ್ಷ ಅವರ ಎರಡು ಎಕರೆ ತೊಗರಿಗೆ ನೆಟೆ ರೋಗ ಬಿತ್ತು. ಹೂ ಬಿಡುವ ಹೊತ್ತಿಗೆ ಅರ್ಧ ಹೊಲ ನಿಂತಲ್ಲೇ ಒಣಗಿತು. ಈ ಸಲವೂ ಹಾಗಾದರೆ ಗತಿಯೇನು ಎಂಬ ಭಯಕ್ಕೆ ಅವಳು ಎರೆಗೊಬ್ಬರದ ತರಬೇತಿಗೆ ಹೋದಳು. ಅಲ್ಲಿ ಪರಿಚಯವಾದ ಹಿರೋಳ್ಳಿಯ ಶಾಹೀನ ಒಂದು ಬುಟ್ಟಿ ಹುಳು ಕೊಟ್ಟಳು. ಗೊಬ್ಬರಕ್ಕೆ ನೆಟೆ ತಡೆಯುವ ಜೀವಾಣುಗಳ ಪುಡಿ ಬೆರೆಸಿ, ಮೃಗಶಿರಾ ಮಳೆಗೆ ಮೊದಲು ಹೊಲಕ್ಕೆ ಹಾಕಬೇಕು. ಒಂದು ಚಮಚ ಪುಡಿಯಲ್ಲಿ ಕೋಟಿಗಟ್ಟಲೆ ಜೀವಗಳಿವೆ ಎಂದು ತರಬೇತಿಯವರು ಹೇಳಿದ್ದೇ ತಪ್ಪಾಯಿತು. ಆ ಪೊಟ್ಟಣವನ್ನು ಅವಳು ಮನೆಯೊಳಗೆ ತರಲಿಲ್ಲ. ಕೊಟ್ಟಿಗೆಯ ಗೂಡಿನಲ್ಲಿಟ್ಟು, ಮುಟ್ಟಿದಾಗಲೆಲ್ಲ ಕೈ ತೊಳೆಯುತ್ತಿದ್ದಳು.

ಮಳೆಗೆ ಮೂರು ವಾರವಿರುವಾಗ, ಹಿತ್ತಲಿನ ಸಿಮೆಂಟು ತೊಟ್ಟಿಯಲ್ಲಿ ಕೊನೆಯ ಪದರವಾಗಿ, ವಾರ ಆರಲು ಬಿಟ್ಟಿದ್ದ ಮನೆಯ ಎತ್ತಿನ ಸಗಣಿ ಹರಡಿ, ಬೆಲ್ಲದ ನೀರಿನಲ್ಲಿ ಕದಡಿದ ಪುಡಿ ಚಿಮುಕಿಸಿದಳು. ಮರುದಿನ ಬೆಳಿಗ್ಗೆ ಹಸಿ ಗೋಣಿತಟ್ಟು ಎತ್ತಿದವಳು ಕಿಟಾರನೆ ಕಿರುಚಿದಳು. ಹುಳುಗಳು ತಂಡತಂಡವಾಗಿ ತೊಟ್ಟಿಯ ಗೋಡೆ ಹತ್ತುತ್ತಿದ್ದವು. ಕೆಲವು ಅಂಚಿನಲ್ಲಿ ಜೋತಾಡುತ್ತಿದ್ದವು, ಕೆಲವು ನೆಲಕ್ಕೆ ಬಿದ್ದು ಮಿಸುಕದೆ ಮಲಗಿದ್ದವು.

ಪಕ್ಕದ ಮನೆಯವಳಾದ ನಾನು ಓಡಿ ಹೋದಾಗ ಅವಳು ತೊಟ್ಟಿಯಿಂದ ಮಾರು ದೂರ ಸರಿದು ನಿಂತಿದ್ದಳು.

"ಆ ಪುಡಿ ತಿನ್ನಾಕತ್ತದ ನೋಡ್ರಿ ವೈನಿ ಇವುನ್ನ! ನಾಳಿಗಿ ಹೊಲಾನೂ ತಿಂತದ!"

ಸೆರಗಿನಿಂದ ಕೈ ಉಜ್ಜಿಕೊಳ್ಳುತ್ತಲೇ ಇದ್ದಳು, ಚರ್ಮ ಕೆಂಪಾಗುವವರೆಗೆ. ಬೇರೆ ದಿನವಾದರೆ ನಾನು ನಕ್ಕುಬಿಡುತ್ತಿದ್ದೆ. ಆದರೆ ಆ ಹುಳುಗಳು ಹತ್ತುವುದನ್ನು ನೋಡಿ ನಾನೂ ಒಂದು ಹೆಜ್ಜೆ ಹಿಂದೆ ಸರಿದೆ.

ಶಾಹೀನಳಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆವು. "ಪುಡಿ ಏನೂ ಮಾಡಂಗಿಲ್ಲವಾ," ಎಂದಳು ಅವಳು. "ಎತ್ತಿಗಿ ಜಂತಿನ ಔಷಧ ಹಾಕೀರೇನು?"

"ಇಲ್ಲವಾ," ಎಂದಳು ತುಳಸಾಬಾಯಿ.

ಬಾಗಿಲಲ್ಲಿ ನಿಂತಿದ್ದ ಅವಳ ಗಂಡ ಸೈದಪ್ಪ ಬಿಳಿಚಿಕೊಂಡ. "ಹಾಕೇನಿ," ಎಂದ ಮೆಲ್ಲಗೆ. "ಹನ್ನೆರಡ ದಿನ ಆತು. ಎತ್ತು ಮೇವು ಬಿಟ್ಟಿತ್ತು. ನೀ ಅಂಜ್ತಿ ಅಂತ ಹೇಳಲಿಲ್ಲ."

ಎತ್ತಿನ ಹೊಟ್ಟೆಯ ಹುಳು ಬೇರೆ, ತೊಟ್ಟಿಯ ಹುಳು ಬೇರೆ ಎಂದು ಆ ಔಷಧಕ್ಕೆ ಹೇಳುವವರು ಯಾರು? ಅದು ಸಗಣಿಯೊಂದಿಗೆ ತೊಟ್ಟಿಗೆ ಬಂದಿತ್ತು.

ತುಳಸಾಬಾಯಿ ಕೂಗಾಡಲಿಲ್ಲ. "ಅಂಜೂದು ನನ್ನ ಕೆಲಸ ರೀ, ಹೇಳೂದು ನಿಮ್ಮ ಕೆಲಸ," ಎಂದಳು. "ನೀವು ಹೇಳ್ದಿದ್ರ ನಾ ಎಲ್ಲಾದಕ್ಕೂ ಅಂಜಬೇಕಾಗ್ತದ."

ಸೈದಪ್ಪ ಬುಟ್ಟಿ ತಂದಿಟ್ಟ. ಮೂವರೂ ಕೂತು ಮೇಲಿನ ಪದರವನ್ನೆಲ್ಲ ಕೈಯಿಂದಲೇ ಬಾಚಿ ತೆಗೆದೆವು. ಬದುಕಿದ ಹುಳುಗಳನ್ನು ನೀರಲ್ಲಿ ಅದ್ದಿ ಕೆಳಗಿನ ಹಳೆಯ ಗೊಬ್ಬರಕ್ಕೆ ಬಿಟ್ಟೆವು. ಅಲ್ಲಿಗೂ ಔಷಧ ಇಳಿದಿದ್ದರೆ ಗೊಬ್ಬರವೂ ಇಲ್ಲ, ಹುಳುವೂ ಇಲ್ಲ. ಮತ್ತೆ ಮಾಡಲು ಎರಡು ತಿಂಗಳು ಬೇಕು, ಮಳೆ ಕಾಯುವುದಿಲ್ಲ.

ಮರುದಿನ ಬೆಳಿಗ್ಗೆ ನಾನು ಹೋದಾಗ ತಟ್ಟು ಹೊದಿಸಿದಂತೆಯೇ ಇತ್ತು. ಅವಳು ಅದರ ಮುಂದೆ ಎಷ್ಟು ಹೊತ್ತಿನಿಂದ ನಿಂತಿದ್ದಳೋ. "ನಾ ಎತ್ತಲೇನು?" ಎಂದೆ.

"ಬ್ಯಾಡ್ರಿ, ನಾನೇ."

ಕಣ್ಣು ಮುಚ್ಚಿ ಎತ್ತಿದಳು. ಗೋಡೆ ಖಾಲಿ. ಎಲ್ಲ ಸತ್ತಿವೆಯೋ ಏನೋ ಎಂದು ನಾನೂ ಬಗ್ಗಿ ನೋಡಿದೆ. ಅವಳು ಬೆರಳು ಊರಿ ಗೊಬ್ಬರ ಕೆದಕಿದಳು. ಒಂದು ಮಿಸುಕಿತು. ಪಕ್ಕದಲ್ಲಿ ಇನ್ನೊಂದು.

"ಅದಾವ್ರಿ," ಎಂದಳು, ಅಳುತ್ತ.

ಬಾಚಿ ತೆಗೆದ ಪದರದೊಂದಿಗೆ ಪುಡಿಯೂ ಹೋಗಿತ್ತು; ಮತ್ತೆ ಚಿಮುಕಿಸಲು ಉಳಿದಿದ್ದ ಪೊಟ್ಟಣ ತರಲು ಹೋದಳು. ಕೊಟ್ಟಿಗೆಯಲ್ಲಿ ಸೈದಪ್ಪ ಕೆಮ್ಮಿದ. ಮೂವತ್ತು ವರ್ಷದ ಸಂಸಾರದಲ್ಲಿ ಕೆಟ್ಟ ಸುದ್ದಿಯನ್ನೆಲ್ಲ ನುಂಗಿಕೊಂಡೇ ಬಂದ ಮನುಷ್ಯ.

"ಎತ್ತಿನ ಮುಂಗಾಲು ಒಂದೀಟು ಬಾತದ," ಎಂದ. "ಹೇಳ್ರಿ ಅಂದಿದ್ದಿಯಲ್ಲ, ಹೇಳಾಕತ್ತೇನಿ."

ತುಳಸಾಬಾಯಿಯ ಕೈ ಎದೆಗೆ ಹೋಯಿತು. ಆಮೇಲೆ ಸೆರಗು ಸಿಕ್ಕಿಸಿಕೊಂಡಳು. "ಯಾವ ಕಾಲು? ತೋರಸ್ರಿ."